ಕೂತು ತುಳಿಯುವ ಕಾಲಿಗೆ ಎಂಥ ಚಪ್ಪಲಿ?

ಸಂತೆಯಲ್ಲಿ ಒಂದು ಗಂಟೆ ಅಡ್ಡಾಡಿ ಬಂದರೂ ತಕರಾರು ಮಾಡದ ಪಾದ, ಅದೇ ಚಪ್ಪಲಿ ಮೆಟ್ಟಿ ಅರ್ಧ ಗಂಟೆ ಸೈಕಲ್ ತುಳಿದರೆ ಗೊಣಗಲು ಶುರು ಮಾಡುತ್ತದೆ. ಬೆರಳುಗಳ ಬುಡದಲ್ಲಿ ಉರಿ, ಮೂರನೆಯ ಮತ್ತು ನಾಲ್ಕನೆಯ ಬೆರಳಿನ ಸಂದಿಯಲ್ಲಿ ಜುಮುಜುಮು. ಇಳಿದು ಹತ್ತು ಹೆಜ್ಜೆ ನಡೆದರೆ ಮಾಯ. ಸೈಕಲ್ ತುಳಿಯುವವರಿಗೆ ಇದು ಗೊತ್ತಿರುವ ಸಂಗತಿಯೇ. ಆದರೆ ಇದರೊಳಗಿನ ವಿಚಿತ್ರ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಡೆಯುವಾಗ ಇಡೀ ಮೈಭಾರ ಪಾದದ ಮೇಲಿರುತ್ತದೆ. ಸೈಕಲ್ಲಿನ ಮೇಲೆ ಅದರ ಬಹುಪಾಲನ್ನು ಸೀಟು ಹೊರುತ್ತದೆ, ಸ್ವಲ್ಪವನ್ನು ಹ್ಯಾಂಡಲ್ ಹಿಡಿದ ಕೈಗಳು ಹೊರುತ್ತವೆ. ಹೆಚ್ಚು ಹೊತ್ತಾಗ ಸುಮ್ಮನಿದ್ದ ಪಾದ ಕಡಿಮೆ ಹೊತ್ತಾಗ ನೋಯುವುದು ಯಾಕೆ?

ಹೆಚ್ಚಿನವರು ಇದಕ್ಕೆ ಕಂಡುಕೊಳ್ಳುವ ಉತ್ತರ, ‘ಚಪ್ಪಲಿ ಗಟ್ಟಿಯಾಯಿತು, ಇನ್ನೂ ಮೆತ್ತನೆಯದು ಬೇಕು’ ಎಂಬುದು. ಅಂಗಡಿಗೆ ಹೋಗಿ ಹೆಬ್ಬೆರಳಲ್ಲಿ ಒತ್ತಿ ನೋಡಿ, ಎಲ್ಲಕ್ಕಿಂತ ಹೆಚ್ಚು ತಗ್ಗುವುದನ್ನು ಆರಿಸಿ ತರುತ್ತಾರೆ. ನೋವು ಕೆಲವೊಮ್ಮೆ ಹೆಚ್ಚೇ ಆಗುತ್ತದೆ. ಪೆಡಲ್ ಮೇಲೆ ಪಾದ ಮಾಡುವ ಕೆಲಸಕ್ಕೂ ನೆಲದ ಮೇಲೆ ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಗಮನಿಸಿದರೆ ಈ ಆಯ್ಕೆ ಎಲ್ಲಿ ದಾರಿ ತಪ್ಪಿತೆಂದು ತಿಳಿಯುತ್ತದೆ.

ಭಾರದ ಲೆಕ್ಕ

ಮೊದಲು ಪೆಡಲ್ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಅಂದಾಜು ಮಾಡೋಣ. ಸಮತಟ್ಟಾದ ರಸ್ತೆಯಲ್ಲಿ, ಎದುರುಗಾಳಿ ಇಲ್ಲದಾಗ, ಗಂಟೆಗೆ 15 ಕಿಲೋಮೀಟರಿನಂತೆ ಆರಾಮವಾಗಿ ಹೋಗುವವರ ಕಾಲು ಕೊಡಬೇಕಾದ ಶಕ್ತಿ 50 ವಾಟ್ ಆಸುಪಾಸು. ಪೆಡಲನ್ನು ಹಿಡಿದಿರುವ ಕ್ರ್ಯಾಂಕ್ ಸಾಮಾನ್ಯವಾಗಿ 17 ಸೆಂಟಿಮೀಟರ್ ಉದ್ದವಿರುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಪೆಡಲ್ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. ಈ ವೇಗದಲ್ಲಿ ಇಷ್ಟು ಶಕ್ತಿ ಕೊಡಲು ಬೇಕಾದ ಸರಾಸರಿ ಬಲ ಐದು ಕಿಲೋ ತೂಕಕ್ಕೆ ಸಮ. ನಾವು ಒತ್ತುವುದು ಪೆಡಲ್ ಕೆಳಗಿಳಿಯುವಾಗ ಮಾತ್ರವಾದ್ದರಿಂದ ಒತ್ತಡ ತೀರಾ ಹೆಚ್ಚಾದ ಕ್ಷಣದಲ್ಲಿ ಇದರ ಎರಡರಷ್ಟು, ಅಂದರೆ ಹತ್ತು ಕಿಲೋ ಎನ್ನಿ. ಇದರ ಜೊತೆಗೆ ಕಾಲಿನ ಸ್ವಂತ ತೂಕವೂ ಇದೆ. ಒಂದು ಕಾಲು ಮೈತೂಕದ ಆರನೇ ಒಂದು ಪಾಲಿನಷ್ಟಿರುತ್ತದೆ. 60 ಕಿಲೋ ತೂಗುವವರ ಕಾಲು ಹತ್ತು ಕಿಲೋ. ಅದರಲ್ಲಿ ಒಂದಷ್ಟು ಪೆಡಲ್ ಮೇಲೆ ಕೂರುತ್ತದೆ. ಎಲ್ಲ ಕೂಡಿಸಿದರೂ 20 ಕಿಲೋ ದಾಟುವುದು ಕಷ್ಟ. ಅದೇ ವ್ಯಕ್ತಿ ನಡೆಯುವಾಗ ಒಂದೊಂದು ಹೆಜ್ಜೆಯಲ್ಲೂ ಪಾದದ ಮೇಲೆ ಬೀಳುವ ಬಲ ಅವರ ಪೂರ್ತಿ ಮೈತೂಕಕ್ಕಿಂತ ಸ್ವಲ್ಪ ಹೆಚ್ಚು. ಹೀಗಾಗಿ ನೋವಿನ ಆರೋಪವನ್ನು ಭಾರದ ಮೇಲೆ ಹೊರಿಸುವಂತಿಲ್ಲ. ಏರು ಹತ್ತುವಾಗ ಸೀಟು ಬಿಟ್ಟು ಎದ್ದು ನಿಂತು ತುಳಿದರೆ ಮಾತ್ರ ಮೈಭಾರವೆಲ್ಲ ಒಂದೇ ಪೆಡಲಿಗೆ ಇಳಿಯುತ್ತದೆ. ಆರಾಮದ ಸವಾರಿಯಲ್ಲಿ ಅದು ಅಪರೂಪ.

ಒಂದೇ ಜಾಗಕ್ಕೆ, ಮತ್ತೆ ಮತ್ತೆ

ನಡಿಗೆಯಲ್ಲಿ ಭಾರ ಒಂದೇ ಕಡೆ ನಿಲ್ಲುವುದಿಲ್ಲ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಭಾರ ಅಂಗಾಲಿನ ಹೊರಅಂಚಿನ ಗುಂಟ ಮುಂದೆ ಸರಿದು, ಬೆರಳುಗಳ ಬುಡವನ್ನು ದಾಟಿ, ಹೆಬ್ಬೆರಳಿನ ಮೂಲಕ ನೆಲ ಬಿಡುತ್ತದೆ. ಆಮೇಲೆ ಪಾದ ಗಾಳಿಯಲ್ಲಿ ತೂಗುತ್ತದೆ. ಎಡಗಾಲೂರಿದ ಕ್ಷಣದಿಂದ ಮತ್ತೆ ಎಡಗಾಲೂರುವವರೆಗಿನ ಹೊತ್ತಿನಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಆ ಪಾದಕ್ಕೆ ಪೂರ್ತಿ ಬಿಡುವು. ಒತ್ತಿಹೋಗಿದ್ದ ಸಣ್ಣ ರಕ್ತನಾಳಗಳು ಆ ಬಿಡುವಿನಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಪೆಡಲ್ ಮೇಲೆ ಈ ಎರಡೂ ಇಲ್ಲ. ಹಿಮ್ಮಡಿ ಹಿಂದೆ ಗಾಳಿಯಲ್ಲಿದೆ, ಬೆರಳುಗಳ ತುದಿ ಮುಂದೆ ಗಾಳಿಯಲ್ಲಿದೆ. ಹೊರೆಯೆಲ್ಲ ಬೀಳುವುದು ಬೆರಳುಗಳ ಬುಡದಲ್ಲಿ ಅಂಗಾಲು ಉಬ್ಬಿರುವ ಜಾಗಕ್ಕೆ. ಇದನ್ನು ಬೆರಳಬುಡದ ದಿಬ್ಬ ಎನ್ನೋಣ. ಪಾದದ ಐದು ಉದ್ದ ಮೂಳೆಗಳು, ವೈದ್ಯರ ಮಾತಿನಲ್ಲಿ ಮೆಟಟಾರ್ಸಲ್‌ಗಳು, ಇಲ್ಲಿ ಬಂದು ಗುಂಡು ತಲೆಗಳಾಗಿ ಮುಗಿಯುತ್ತವೆ. ಅವುಗಳ ನಡುವಿನ ಕಿರಿದಾದ ಸಂದಿಗಳಲ್ಲಿ ಬೆರಳುಗಳಿಗೆ ಹೋಗುವ ನರಗಳಿವೆ. ಮೂಳೆಯ ತಲೆಗಳು ಒಂದಕ್ಕೊಂದು ಒತ್ತಿಕೊಂಡರೆ ನಡುವಿನ ನರ ಅಮುಕಿಹೋಗಿ ಬೆರಳು ಜುಮ್ಮೆನ್ನುತ್ತದೆ. ಅರ್ಧ ಗಂಟೆಯ ಸವಾರಿಯಲ್ಲಿ ಒಂದೊಂದು ಕಾಲೂ 1800 ಸಲ ಒತ್ತುತ್ತದೆ, ಅದೂ ಇದೇ ಎರಡು ಮೂರು ಬೆರಳಗಲದ ಜಾಗದಿಂದ. ಪೆಡಲ್ ಮೇಲೇರುವಾಗಲಾದರೂ ವಿರಾಮ ಸಿಗುತ್ತದೆಯೇ ಎಂದರೆ ಅದೂ ಅರೆಬರೆ. ಪಂದ್ಯದವರ ಹಾಗೆ ಕಾಲನ್ನು ಎತ್ತಿಕೊಳ್ಳುವ ಅಭ್ಯಾಸ ನಮಗಿಲ್ಲದ ಕಾರಣ, ಮೇಲೇರುವ ಪೆಡಲ್ ಕಾಲಿನ ತೂಕವನ್ನು ಹೊತ್ತುಕೊಂಡೇ ಏರುತ್ತದೆ.

ಸಣ್ಣ ಒತ್ತಡ ಒಂದೇ ಜಾಗಕ್ಕೆ ಪದೇಪದೇ ಬಿದ್ದರೆ ಏನಾಗುತ್ತದೆ ಎಂಬ ತಿಳಿವಳಿಕೆಯ ಒಂದು ದೊಡ್ಡ ಭಾಗ ನಮ್ಮ ನೆರೆಯ ವೆಲ್ಲೂರಿನಲ್ಲಿ ಮೊಳೆಯಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳನ್ನು ಬೆನ್ನುಹತ್ತಿದರು. ರೋಗವೇ ಮಾಂಸವನ್ನು ತಿನ್ನುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಬ್ರ್ಯಾಂಡ್ ತೋರಿಸಿದ್ದು ಬೇರೆ: ರೋಗ ಸ್ಪರ್ಶಜ್ಞಾನವನ್ನು ಕಸಿಯುತ್ತದೆ, ಹುಣ್ಣು ಮಾಡುವುದು ದಿನನಿತ್ಯದ ಸಾಧಾರಣ ಒತ್ತಡ. ಆಮೇಲೆ ಅಮೆರಿಕದ ಕಾರ್ವಿಲ್‌ನಲ್ಲಿ ಅವರೂ ಸಂಗಡಿಗರೂ ಇಲಿಗಳ ಅಂಗಾಲಿನ ಮೇಲೆ ಪ್ರಯೋಗ ನಡೆಸಿದರು. ಒಮ್ಮೆ ಒತ್ತಿದರೆ ಏನೂ ಮಾಡದಷ್ಟು ಹಗುರವಾದ ಒತ್ತಡವನ್ನೇ ದಿನಕ್ಕೆ ಸಾವಿರಾರು ಸಲ ಕೊಟ್ಟಾಗ ಆ ಜಾಗ ಕೆಂಪೇರಿ, ಬಾತು, ಕೊನೆಗೆ ಒಡೆಯಿತು. ಸರಣಿಯ ನಡುವೆ ಬಿಡುವು ಕೊಟ್ಟು ಎಣಿಕೆ ಇಳಿಸಿದಾಗ ಚರ್ಮ ಉಳಿದುಕೊಂಡಿತು, ದಪ್ಪವೂ ಆಯಿತು. ಆರೋಗ್ಯವಂತರ ಪಾದಕ್ಕೆ ಹುಣ್ಣಾಗುವ ಮುಂಚೆಯೇ ಉರಿ ಏಳುತ್ತದೆ, ನಾವು ಅರಿವಿಲ್ಲದೆ ಕುಂಟಿಯೋ ಹೆಜ್ಜೆ ಬದಲಿಸಿಯೋ ಭಾರವನ್ನು ಬೇರೆಡೆಗೆ ಸರಿಸುತ್ತೇವೆ. ಸೈಕಲ್ಲಿನ ಮೇಲೆ ಬರುವ ಜುಮುಜುಮು ಅದೇ ಎಚ್ಚರಿಕೆ. ಸರಿಸಲು ಇನ್ನೊಂದು ಜಾಗ ಮಾತ್ರ ಅಲ್ಲಿಲ್ಲ.

ಅಟ್ಟೆ ಮಾಡಬೇಕಾದ ಕೆಲಸ

ಹೊರೆಯನ್ನು ಕಡಿಮೆ ಮಾಡಲು ಚಪ್ಪಲಿಗೆ ಸಾಧ್ಯವಿಲ್ಲ, ಹರಡಲು ಸಾಧ್ಯ. ತುಂಬಿದ ಕೊಡವನ್ನು ತಲೆಯ ಮೇಲೆ ಹೊರುವವರು ಕೆಳಗೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಅಟ್ಟೆಯ ಕೆಲಸವೂ ಅದೇ. ಕೊಡದ ತಳ ನೆತ್ತಿಯ ಒಂದು ಬಿಂದುವಿಗೆ ಒತ್ತುವ ಬದಲು ಸಿಂಬೆಯ ಸುತ್ತಳತೆಗೆಲ್ಲ ಹಂಚಿಕೊಳ್ಳುತ್ತದೆ. ಸಡಿಲವಾಗಿ ಸುತ್ತಿದ ಸಿಂಬೆ ಭಾರ ಬಿದ್ದೊಡನೆ ಚಪ್ಪಟೆಯಾಗಿ ಕೊಡ ಮತ್ತೆ ನೆತ್ತಿಗೇ ತಾಗುತ್ತದೆ. ಕಟ್ಟಿಗೆಯಷ್ಟು ಗಟ್ಟಿಯಾದರೆ ಸಿಂಬೆಯೇ ಒತ್ತುತ್ತದೆ. ಬೇಕಾದ್ದು ಬಿಗಿಯಾಗಿ ಸುತ್ತಿದ, ಆಕಾರ ಬಿಡದ ಬಟ್ಟೆ.

ಊರ ಸೈಕಲ್ಲುಗಳ ರಬ್ಬರ್ ಪೆಡಲ್ ಅಗಲವಾಗಿದ್ದು ಪಾದದ ಐವತ್ತು ಅರುವತ್ತು ಚದರ ಸೆಂಟಿಮೀಟರಿಗೆ ಆಸರೆ ಕೊಡುತ್ತದೆ. ರಬ್ಬರ್ ಕಿತ್ತುಹೋಗಿ ನಡುವಿನ ಕಂಬಿಯೊಂದೇ ಉಳಿದರೆ ಆಸರೆ ಹತ್ತು ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ಬಲ ಅಷ್ಟೇ, ಒತ್ತಡ ಐದಾರು ಪಟ್ಟು. ಅಂಥ ಪೆಡಲ್ ಇಟ್ಟುಕೊಂಡು ದುಬಾರಿ ಚಪ್ಪಲಿ ಹುಡುಕುವುದು ದಂಡ. ಮೊದಲು ಪೆಡಲ್ ಬದಲಿಸಬೇಕು. ಪೆಡಲ್ ಸರಿಯಿದ್ದಾಗಲೂ ಅಟ್ಟೆ ಮೆತ್ತಗಿದ್ದು ಪೆಡಲಿನ ಅಂಚಿನ ಮೇಲೆ ಬಾಗಿದರೆ ಅಂಚು ಗೆರೆಯಂತೆ ಅಂಗಾಲಿಗೆ ತಾಗುತ್ತದೆ. ಬಾಗದ ಅಟ್ಟೆ ಆ ಗೆರೆಯನ್ನು ಅಳಿಸಿ, ಭಾರದ ಒಂದು ಪಾಲನ್ನು ಅಂಗಾಲಿನ ನಡುಭಾಗಕ್ಕೂ ದಾಟಿಸುತ್ತದೆ.

ಇಲ್ಲಿಯೇ ಅಂಗಡಿಯ ಪರೀಕ್ಷೆ ನಮ್ಮನ್ನು ಮೋಸಗೊಳಿಸುವುದು. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ನಡಿಗೆಗೆ ಮುಂಭಾಗ ಬಾಗುವ ಅಟ್ಟೆ ಬೇಕು, ಅದಕ್ಕೆ ಕಾರಣವಿದೆ. ಹೆಜ್ಜೆಯ ಕೊನೆಯಲ್ಲಿ ಬೆರಳುಗಳು ಮೇಲಕ್ಕೆ ಮಡಿಸಿದಾಗ ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿಯೊಂದು ಬಿಗಿದು ಪಾದದ ಕಮಾನನ್ನು ಎತ್ತಿ ನಿಲ್ಲಿಸುತ್ತದೆ. ಜೆ. ಎಚ್. ಹಿಕ್ಸ್ 1954ರಲ್ಲಿ ವಿವರಿಸಿದ ಏರ್ಪಾಡು ಇದು. ಪೆಡಲ್ ಮೇಲೆ ಬೆರಳುಗಳು ಹಾಗೆ ಮಡಿಸುವುದೇ ಇಲ್ಲ, ಆದ್ದರಿಂದ ಬಾಗುವ ಅಟ್ಟೆಯಿಂದ ಅಲ್ಲಿ ಲಾಭವಿಲ್ಲ. ಹಿಮ್ಮಡಿಯಡಿಯ ಮೆತ್ತೆಯ ಕತೆಯೂ ಅಷ್ಟೆ. ಅಂಗಡಿಯವರು ಹೆಚ್ಚು ಹೊಗಳುವುದು ಅದನ್ನೇ. ಪೆಡಲ್ ಮೇಲೆ ಹಿಮ್ಮಡಿ ಏನನ್ನೂ ಹೊರುವುದಿಲ್ಲ.

ಕಮಾನಿನ ಆಸರೆಯ ಬಗ್ಗೆಯೂ ಒಂದು ಮಾತು. ಒಳಹಾಸು ಕಮಾನಿನ ಆಕಾರಕ್ಕೆ ತಕ್ಕಂತೆ ಮೆಲ್ಲಗೆ ಉಬ್ಬಿದ್ದರೆ ಅಂಗಾಲಿನ ಹೆಚ್ಚು ಭಾಗ ಚಪ್ಪಲಿಗೆ ತಾಗಿ ಬೆರಳಬುಡದ ಹೊರೆ ಹಂಚಿಹೋಗುತ್ತದೆ. ಆದರೆ ಕೆಳಗಿನ ಅಟ್ಟೆ ನಡುವಿನಲ್ಲಿ ಮಡಿಸುವಂತಿದ್ದರೆ ಉಬ್ಬಿಗೆ ಆತುಕೊಳ್ಳಲು ಏನೂ ಇಲ್ಲದೆ ಅದು ಪಾದದೊಡನೆ ಕೆಳಗೆ ಜಗ್ಗುತ್ತದೆ. ‘ಆರ್ಚ್ ಸಪೋರ್ಟ್’ ಎಂದು ಚೀಟಿ ಅಂಟಿಸಿದ ಎಷ್ಟೋ ಸ್ಯಾಂಡಲ್‌ಗಳು ಇದೇ ಕಾರಣಕ್ಕೆ ಪೆಡಲ್ ಮೇಲೆ ಮಾತು ಉಳಿಸಿಕೊಳ್ಳುವುದಿಲ್ಲ.

ಹಾಗಾದರೆ ಸೈಕಲ್ ಬೂಟನ್ನೇ ಕೊಳ್ಳಬಾರದೇಕೆ?

ನ್ಯಾಯವಾದ ಪ್ರಶ್ನೆ. ಗಟ್ಟಿ ಅಟ್ಟೆ ಒಳ್ಳೆಯದಾದರೆ ಪಂದ್ಯದವರ ಕಾರ್ಬನ್ ಅಟ್ಟೆಯ ಬೂಟು ಎಲ್ಲಕ್ಕಿಂತ ಒಳ್ಳೆಯದಿರಬೇಕಲ್ಲ? ಜಾರ್ಬೋ ಮತ್ತು ಕೆಸಾಡಾ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ನೇರ ತರ್ಕಕ್ಕೆ ತಡೆ ಹಾಕುತ್ತದೆ. ಪ್ಲಾಸ್ಟಿಕ್ ಅಟ್ಟೆಯ ಸೈಕಲ್ ಬೂಟಿಗಿಂತ ಹೆಚ್ಚು ಬಿಗಿಯಾದ ಕಾರ್ಬನ್ ಅಟ್ಟೆಯ ಬೂಟಿನೊಳಗೆ ಪಾದದ ಮುಂಭಾಗದ ಗರಿಷ್ಠ ಒತ್ತಡ ಶೇ. 18ರಷ್ಟು ಹೆಚ್ಚಿತ್ತು. ತೆಳುವಾದ, ಒಂಚೂರೂ ಬಿಟ್ಟುಕೊಡದ ಹಾಸಿನ ಮೇಲೆ ಮೂಳೆಯ ತಲೆಗಳು ನೇರ ಕೂರುತ್ತವೆ. ಕಟ್ಟಿಗೆಯ ಸಿಂಬೆಯ ತೊಂದರೆಯೇ ಇದು. ಕೆಳಗೆ ಬಾಗದ ಅಟ್ಟೆ, ಅದರ ಮೇಲೆ ಪಾದದ ಉಬ್ಬುತಗ್ಗಿಗೆ ಹೊಂದುವ ಮೆತ್ತನೆಯ ಪದರ, ಎರಡೂ ಒಟ್ಟಿಗೆ ಬೇಕು. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ಎಂಸಿಆರ್ ಚಪ್ಪಲಿಯ ರಚನೆ ನೋಡಿ: ಒಳಗೆ ಮೆತ್ತನೆಯ ಸೂಕ್ಷ್ಮರಂಧ್ರ ರಬ್ಬರು, ಹೊರಗೆ ಗಟ್ಟಿ ಅಟ್ಟೆ, ಹಿಂದೆ ಬಾರು. ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಆದರೂ ಈ ಪೆಡಲ್ ಕೆಲಸಕ್ಕೆ ಪೇಟೆಯ ಬಹಳಷ್ಟು ‘ಸ್ಪೋರ್ಟ್ಸ್’ ಸ್ಯಾಂಡಲ್‌ಗಳಿಗಿಂತ ಅದು ಹೆಚ್ಚು ಒಪ್ಪುತ್ತದೆ.

ಬೂಟನ್ನು ಪೆಡಲಿಗೆ ಕಚ್ಚಿಸಿಕೊಂಡರೆ ದಣಿವು ಕಡಿಮೆ ಎಂಬ ವಾದವೂ ಇದೆ. ಕೊಲರಾಡೋ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರ್ಯಾಮ್ 2016ರಲ್ಲಿ ಇದನ್ನು ಅಳೆದರು. 50ರಿಂದ 150 ವಾಟ್‌ವರೆಗಿನ ತುಳಿತದಲ್ಲಿ, ಸಾದಾ ಪೆಡಲ್ ಮೇಲೆ ಓಟದ ಬೂಟು ಹಾಕಿದವರೂ ಕಚ್ಚುಪೆಡಲಿನ ಸೈಕಲ್ ಬೂಟು ಹಾಕಿದವರೂ ಖರ್ಚು ಮಾಡಿದ ಶಕ್ತಿಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಕಾಲನ್ನು ಮೇಲಕ್ಕೆಳೆದು ತುಳಿದರೆ ಲಾಭವೆಂಬ ನಂಬಿಕೆಯೂ ಅಳತೆಗೆ ನಿಂತಿಲ್ಲ. 2007ರಲ್ಲಿ ಕಾರ್ಫ್ ತಂಡ ನೋಡಿದಾಗ ಹಾಗೆ ಎಳೆದವರ ದಕ್ಷತೆ ಕುಸಿದೇ ಇತ್ತು. ಹಾಲು ತರಲು, ಕೆರೆ ಏರಿಯ ಮೇಲೆ ಸುತ್ತಾಡಲು ಹೊರಟವರು ಬೂಟಿನ ಯೋಚನೆಯನ್ನು ಧೈರ್ಯವಾಗಿ ಕೈಬಿಡಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಆಕ್ಷೇಪವೂ ಉಂಟು. ಕರ್ನಾಟಕದಲ್ಲಿ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಆ ಸೈಕಲ್ಲುಗಳನ್ನು ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ತುಳಿದ ಮಕ್ಕಳಿಗೆ ಇಲ್ಲದ ತೊಂದರೆ ದೊಡ್ಡವರಿಗೇಕೆ? ಮಕ್ಕಳ ಮೈ ಹಗುರ, ದಾರಿ ಬಹುಪಾಲು ಎರಡು ಮೂರು ಕಿಲೋಮೀಟರ್, ಪೆಡಲ್ ಅಗಲದ್ದು. ಒತ್ತಡದ ಎಣಿಕೆ ಕೆಲವೇ ನೂರರಲ್ಲಿ ಮುಗಿಯುತ್ತದೆ. ಅಷ್ಟು ದೂರಕ್ಕೆ ಯಾವ ಚಪ್ಪಲಿಯೂ ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದೇ ಸರಿ. ಇಲ್ಲಿ ಹೇಳುತ್ತಿರುವ ಲೆಕ್ಕ ಶುರುವಾಗುವುದು ಇಪ್ಪತ್ತು ನಿಮಿಷ ದಾಟಿದ ಮೇಲೆ.

ಹಿಂದಿನ ಬಾರು

ಹವಾಯಿ ಚಪ್ಪಲಿ ಮೆಟ್ಟಿ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ಎತ್ತಿ, ಬೆರಳುಗಳನ್ನು ನೋಡಿ. ಚಪ್ಪಲಿ ಜಾರದಂತೆ ಅವು ಕೆಳಗೆ ಮುದುಡಿಕೊಂಡಿರುತ್ತವೆ. ಪ್ರತಿ ಸುತ್ತಿನಲ್ಲೂ ಪಾದ ಮೇಲೇರುವಾಗ ಈ ಹಿಡಿತ ಬೇಕಾಗುತ್ತದೆ. ಮುದುಡಿದ ಬೆರಳು ದಿಬ್ಬವನ್ನು ಇನ್ನಷ್ಟು ಕೆಳಗೆ ಒತ್ತುತ್ತದೆ. ಹಿಮ್ಮಡಿಯನ್ನು ಸುತ್ತುವ ಒಂದು ಬಾರು ಇದ್ದರೆ ಬೆರಳುಗಳಿಗೆ ಈ ಕೆಲಸ ತಪ್ಪುತ್ತದೆ, ತುಳಿಯುವ ನಡುವೆ ಚಪ್ಪಲಿ ಕಳಚಿ ಬೀಳುವ ಅಪಾಯವೂ ತಪ್ಪುತ್ತದೆ. ಒಂದೇ ಗುಣವನ್ನು ಆರಿಸಿಕೊಳ್ಳಿ ಎಂದರೆ ಅಟ್ಟೆಗಿಂತ ಮೊದಲು ಈ ಬಾರನ್ನು ಆರಿಸಬೇಕೆಂದು ನನ್ನ ಅಭಿಪ್ರಾಯ. ಬೆರಳುಗಳ ಮೇಲೆ ಹಾಯುವ ಮುಂದಿನ ಬಾರು ಮಾತ್ರ ಸಡಿಲವಾಗಿರಲಿ. ಅದು ಬಿಗಿಯಾದರೆ ಮೂಳೆಯ ತಲೆಗಳು ಪಕ್ಕದಿಂದ ಒತ್ತಿ ಅದೇ ನರಗಳನ್ನು ಅಮುಕುತ್ತವೆ. ಸೆಖೆಗೆ, ದಿನವಿಡೀ ಕೂತು ನಿಂತದ್ದಕ್ಕೆ ಪಾದ ಸಂಜೆಗೆ ಉಬ್ಬಿರುತ್ತದೆ. ಚಪ್ಪಲಿ ಕೊಳ್ಳಲು ಸಂಜೆಯೇ ಸರಿಯಾದ ಹೊತ್ತು. ಉದ್ದ ಉಳಿದ ವೆಲ್ಕ್ರೋ ತುದಿಯನ್ನು ಚೈನಿನ ಕಡೆ ನೇತಾಡಲು ಬಿಡದೆ ಕತ್ತರಿಸಿಬಿಡಿ.

ಪೇಟೆಯಲ್ಲಿ ಸಿಗುವವು

ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಸೀಮೆಯಲ್ಲೂ ಮಾಡುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಪದರ ಪದರ ಚರ್ಮದ ಅದರ ಅಟ್ಟೆ ಪೆಡಲ್ ಅಂಚಿಗೆ ಬಾಗುವುದಿಲ್ಲ, ಕೆಲವು ವಾರ ಮೆಟ್ಟಿದ ಮೇಲೆ ಪಾದದ ಆಕಾರವನ್ನೂ ಪಡೆಯುತ್ತದೆ. ಅಟ್ಟೆಯ ಮಟ್ಟಿಗೆ ಅದಕ್ಕೆ ಪೂರ್ಣಾಂಕ. ಆದರೆ ಹಿಂದೆ ಬಾರಿಲ್ಲ, ನುಣುಪು ಚರ್ಮ ರಬ್ಬರ್ ಪೆಡಲ್ ಮೇಲೆ ಜಾರುತ್ತದೆ, ನೀರು ಕುಡಿದರೆ ಹಾಳು. ಬೇಸಿಗೆಯ ಸಣ್ಣ ಸವಾರಿಗೆ ಸೈ.

ಕ್ರಾಕ್ಸ್ 2002ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ನೂರಾರು ಹೆಸರಿನಲ್ಲಿ ಸಿಗುತ್ತಿರುವ ನೊರೆರಬ್ಬರಿನ ಕ್ಲಾಗ್‌ಗಳದ್ದು ಇದರ ತಿರುಗುಮುರುಗು ಲೆಕ್ಕ. ಬೆರಳು ಹರಡಲು ಜಾಗ ಧಾರಾಳ, ಮುಂಭಾಗ ಮುಚ್ಚಿರುವುದರಿಂದ ಕಲ್ಲಿಗೆ ಎಡವಿದರೆ ಉಗುರು ಉಳಿಯುತ್ತದೆ, ತೊಳೆದರೆ ಆಯಿತು. ಮೆತ್ತನೆಯ ಗುಣವೇ ಅದರ ದೌರ್ಬಲ್ಯ: ಪೆಡಲ್ ಅಂಚು ಒಳಗೆ ಹೂತುಕೊಳ್ಳುತ್ತದೆ. ದಪ್ಪ ಇದ್ದಷ್ಟೂ ವಾಸಿ, ಯಾಕೆಂದರೆ ಅದೇ ವಸ್ತುವಿನ ಅಟ್ಟೆ ಎರಡರಷ್ಟು ದಪ್ಪವಾದರೆ ಬಾಗದಿರುವ ಗುಣ ಎಂಟರಷ್ಟಾಗುತ್ತದೆ. ಕ್ಲಾಗನ್ನೇ ಕೊಳ್ಳುವುದಾದರೆ ಕೆಳಗೆ ಬೇರೆ ಗಟ್ಟಿ ರಬ್ಬರಿನ ತಳ ಅಂಟಿಸಿರುವುದನ್ನು ನೋಡಿ ಕೊಳ್ಳಿ, ತುಳಿಯುವಾಗ ಹಿಂದಿನ ಬಾರನ್ನು ಹಿಮ್ಮಡಿಗೆ ಇಳಿಸಿಕೊಳ್ಳಿ.

ಎರಡು ಪದರದ, ಹಿಂದೆ ಬಾರಿರುವ ಚಾರಣದ ಸ್ಯಾಂಡಲ್ ಹೆಚ್ಚಿನವರಿಗೆ ಒಪ್ಪುತ್ತದೆ. ಅದರಲ್ಲೂ ತಳದಲ್ಲಿ ದೊಡ್ಡ ಗಡುಸು ಗುಬುಟುಗಳಿರುವುದು ಬೇಡ. ಅವುಗಳ ತುದಿ ಮಾತ್ರ ಪೆಡಲಿಗೆ ತಾಗಿ ಹಿಡಿತ ಕಡಿಮೆಯಾಗುತ್ತದೆ. ಸಣ್ಣ ಗೆರೆಗಳ ಚಪ್ಪಟೆ ತಳ ಸಾಕು. ಅಂಗಡಿಯಲ್ಲಿ ಮುಂದೆ ಹಿಂದೆ ಹಿಡಿದು ಬಗ್ಗಿಸಿ ನೋಡಿದಾಗ ಬೆರಳಿನ ಬಳಿ ತುಸು ಬಾಗಿ ನಡುವಿನಲ್ಲಿ ಬಾಗದಿರಬೇಕು. ಆಮೇಲೆ ಮೆಟ್ಟಿಲಿನ ಅಂಚಿನ ಮೇಲೆ ದಿಬ್ಬವನ್ನಿಟ್ಟು, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು ಅರೆ ನಿಮಿಷ ನಿಲ್ಲಿ. ಅಂಚು ಎಲ್ಲಿದೆ ಎಂದು ಅಂಗಾಲಿಗೆ ಗೊತ್ತಾದರೆ ಬೇರೆ ಜೋಡಿ ಕೇಳಿ. ನಾಲ್ಕು ಹೆಜ್ಜೆ ನಡೆಯುವುದಕ್ಕಿಂತ ಈ ಪರೀಕ್ಷೆ ಪೆಡಲಿಗೆ ಹತ್ತಿರ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಮಾತ್ರ ತಮ್ಮ ಅನಿಸಿಕೆಯನ್ನು ನಂಬಬಾರದು. ಸವಾರಿ ಮುಗಿದ ಮೇಲೆ ಅಂಗಾಲನ್ನು ಕಣ್ಣಿನಿಂದಲೇ ನೋಡಬೇಕು, ಕೆಂಪಗಾದ ಜಾಗ ಇದ್ದರೆ ವೈದ್ಯರಿಗೆ ತೋರಿಸಬೇಕು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಟಿಗಿಂತ ಸ್ಯಾಂಡಲ್ಲೇ ಮೇಲು. ಒದ್ದೆ ಕಾಲುಚೀಲದೊಳಗೆ ನೆನೆದು ಬಿಳಿಚಿದ ಚರ್ಮ ಬೇಗ ಸುಲಿಯುತ್ತದೆ. ತಳ ಎಷ್ಟು ಹಿಡಿದರೂ ಒಳಹಾಸು ನುಣುಪಾಗಿದ್ದರೆ ಒದ್ದೆ ಪಾದ ಚಪ್ಪಲಿಯೊಳಗೇ ಜಾರುವುದರಿಂದ, ಮೇಲ್ಮೈ ತರಿತರಿಯಾಗಿರುವುದನ್ನು ಆರಿಸಬೇಕು.

ಪಾದವನ್ನು ಎಲ್ಲಿ ಇಡಬೇಕು

ಚಪ್ಪಲಿಯಷ್ಟೇ ಉಪಕಾರ ಮಾಡುವ ಒಂದು ಪುಕ್ಕಟೆ ಉಪಾಯವಿದೆ. ಪಾದವನ್ನು ತುಸು ಮುಂದೆ ಸರಿಸಿ, ಪೆಡಲಿನ ಕಂಬಿ ದಿಬ್ಬಕ್ಕಿಂತ ಹಿಂದೆ, ಕಮಾನಿನ ಕಡೆಗೆ ಬರುವಂತೆ ಇಡುವುದು. ದಿಬ್ಬ ಸರಿಯಾಗಿ ಕಂಬಿಯ ಮೇಲೇ ಇರಬೇಕೆಂಬುದು ಹಳೆಯ ಬೋಧನೆ. ವ್ಯಾನ್ ಸಿಕಲ್ ಮತ್ತು ಹಲ್ 2007ರಲ್ಲಿ ಪಂದ್ಯದ ಸವಾರರನ್ನೇ ಪರೀಕ್ಷಿಸಿದಾಗ ಪಾದ ಮುಂದೆ ಸರಿದರೂ ಆಮ್ಲಜನಕದ ಖರ್ಚು ಬದಲಾಗಲಿಲ್ಲ. ಸಾದಾ ಪೆಡಲ್ ಮತ್ತು ಚಪ್ಪಲಿಯ ಜೋಡಿಗೆ ಇರುವ ದೊಡ್ಡ ಅನುಕೂಲವೂ ಇದೇ: ಹತ್ತು ನಿಮಿಷಕ್ಕೊಮ್ಮೆ ಪಾದವನ್ನು ಒಂದಿಷ್ಟು ಮುಂದೆ ಹಿಂದೆ ಸರಿಸಿ ಹೊರೆಯ ಜಾಗ ಬದಲಿಸಬಹುದು. ಚಿಕ್ಕ ಫ್ರೇಮಿನ ಸೈಕಲ್ಲಿನಲ್ಲಿ ತಿರುವಿನ ಹೊತ್ತಿಗೆ ಬೆರಳು ಮುಂಚಕ್ರಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಸೀಟಿನ ಎತ್ತರವೂ ಚಪ್ಪಲಿಯ ಲೆಕ್ಕಕ್ಕೆ ಸೇರಿದ್ದು. ಒಂದೂವರೆ ಸೆಂಟಿಮೀಟರಿನ ಹವಾಯಿ ಬಿಟ್ಟು ಮೂರು ಸೆಂಟಿಮೀಟರಿನ ಕ್ಲಾಗ್ ಮೆಟ್ಟಿದರೆ ಸೀಟನ್ನು ಒಂದೂವರೆ ಸೆಂಟಿಮೀಟರ್ ಇಳಿಸಿದಷ್ಟೇ ಪರಿಣಾಮ. ಮೊಣಕಾಲು ಹೆಚ್ಚು ಮಡಿಸುತ್ತದೆ. ಮೆಟ್ಟುವ ಚಪ್ಪಲಿಯನ್ನೇ ಮೆಟ್ಟಿಕೊಂಡು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಎತ್ತರಕ್ಕೆ ಸೀಟು ಬಿಗಿಸಿ. ಕೆಲವು ತಿಂಗಳ ಮೇಲೆ ಅಟ್ಟೆಯ ತಳವನ್ನು ತಿರುಗಿಸಿ ನೋಡಿ. ಪೆಡಲ್ ಕೂರುವ ಕಡೆ ಬಿದ್ದ ತಗ್ಗು ರಾತ್ರಿ ಕಳೆದು ಬೆಳಗಾದರೂ ಮೇಲೇಳದಿದ್ದರೆ, ಒಳಗಿನ ನೊರೆಯ ಗುಳ್ಳೆಗಳು ಕುಸಿದಿವೆ ಎಂದರ್ಥ. ಬಾರು, ಹೊಲಿಗೆ ಇನ್ನೂ ಗಟ್ಟಿಯಿದ್ದರೆ ಆ ಜೋಡಿಯನ್ನು ನಡಿಗೆಗೆ ಇಟ್ಟುಕೊಂಡು, ಸೈಕಲ್ಲಿಗೆ ಬೇರೆ ಜೋಡಿ ತನ್ನಿ.